ನಾಯಿಯ ತಪ್ಪು

ನಾಯಿ ತಪ್ಪು ಮಾಡುತ್ತದೆಯೇ ಎಂಬುದು ನನ್ನ ಪ್ರಶ್ನೆ. ಚಪ್ಪಲಿ ಕಚ್ಚಿ ಹಾಕುತ್ತದೆ, ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ ಹಪ್ಪಳದ ಮೇಲೆ ನಡೆಯುತ್ತದೆ, ನೆರೆಮನೆಯ ಕೋಳಿ ಹಿಡಿಯುತ್ತದೆ, ಪೋಸ್ಟಿನವರನ್ನು ಗೇಟಿನವರೆಗೆ ಓಡಿಸುತ್ತದೆ. ಇದರಿಂದ ನಷ್ಟ ಆಗುವುದು ಹೌದು, ಜಗಳ ಆಗುವುದೂ ಹೌದು. ಆದರೆ ನಷ್ಟ ಬೇರೆ, ತಪ್ಪು ಬೇರೆ. ಗಾಳಿಮಳೆಗೆ ಅಡಿಕೆಮರ ಹಟ್ಟಿಯ ಹಂಚಿನ ಮೇಲೆ ಬಿದ್ದರೆ ನಾವು ಮರಕ್ಕೆ ಬಯ್ಯುವುದಿಲ್ಲ. ಎರಡು ವರ್ಷದ ಮಗು ಲೋಟ ಒಡೆದರೆ ಬಯ್ದ ಹಾಗೆ ಮಾಡುತ್ತೇವೆ, ಅಷ್ಟೆ. ನಾಯಿಗೆ ಮಾತ್ರ ಮನಸಾರೆ ಹೊಡೆಯುತ್ತೇವೆ. "ಗೊತ್ತಿದ್ದೇ ಮಾಡಿದ್ದು ಅದು, ಮೋರೆ ನೋಡಿ ಅದರದ್ದು" ಎನ್ನುತ್ತೇವೆ.

ನಾನು ಮೂವತ್ತು ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಪಾಠ ಹೇಳಿದವಳು. ನಿವೃತ್ತಿಯಾದ ಮೇಲೆ ತೋಟ, ಹಟ್ಟಿ, ಎರಡು ನಾಯಿ. ನಮ್ಮ ವಾಚನಾಲಯಕ್ಕೆ ಸಂಜೆ ಪೇಪರು ಓದಲು ಬರುವವರಲ್ಲಿ ನಾಯಿಯ ಸುದ್ದಿ ಏಳದ ದಿನ ಅಪರೂಪ. ಒಂದು ಪಕ್ಷ ಎಲ್ಲವನ್ನೂ ಮುಗಿಸಬೇಕು ಎನ್ನುತ್ತದೆ, ಇನ್ನೊಂದು ಪಕ್ಷ ಪಾಪದ ಪ್ರಾಣಿ ಎನ್ನುತ್ತದೆ. ಕೇರಳದಲ್ಲಿ ಈ ಚರ್ಚೆ ಎಷ್ಟು ಬಿಸಿ ಎಂದು ನಿಮಗೆಲ್ಲ ಗೊತ್ತುಂಟು. ಆ ಜಗಳದ ತೀರ್ಮಾನ ನನ್ನಿಂದ ಆಗುವ ಕೆಲಸ ಅಲ್ಲ. ನಾನು ಮನೆಯ ಅಂಗಳದ ನಾಯಿಯ ಬಗ್ಗೆ ಮಾತ್ರ ಬರೆಯುತ್ತೇನೆ.

ಮಹಾಭಾರತದ ಕೊನೆಯ ನಾಯಿ ಎಲ್ಲರಿಗೂ ಗೊತ್ತು. ಧರ್ಮರಾಯನ ಹಿಂದೆ ಹೋದದ್ದು, ಅದನ್ನು ಬಿಟ್ಟು ಸ್ವರ್ಗ ಬೇಡ ಎಂದು ಅವನು ನಿಂತದ್ದು. ಮೊದಲಿನ ನಾಯಿಯ ಕಥೆಯನ್ನು ಮಾತ್ರ ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ಆದಿಪರ್ವದಲ್ಲಿ ಜನಮೇಜಯ ಕುರುಕ್ಷೇತ್ರದಲ್ಲಿ ದೀರ್ಘವಾದ ಯಾಗಕ್ಕೆ ಕೂತಿರುತ್ತಾನೆ. ಅಲ್ಲಿಗೆ ಒಂದು ನಾಯಿಮರಿ ಬರುತ್ತದೆ. ರಾಜನ ಮೂವರು ತಮ್ಮಂದಿರು ಅದಕ್ಕೆ ಹೊಡೆಯುತ್ತಾರೆ. ಮರಿ ಅಳುತ್ತಾ ತಾಯಿ ಸರಮೆಯ ಹತ್ತಿರ ಹೋಗುತ್ತದೆ. ತಾಯಿ ತಕ್ಷಣ ಮಗನ ಪಕ್ಷ ಹಿಡಿಯುವುದಿಲ್ಲ, ಇದನ್ನು ಗಮನಿಸಬೇಕು. ನೀನೇ ಏನಾದರೂ ತಪ್ಪು ಮಾಡಿರಬೇಕು ಎನ್ನುತ್ತಾಳೆ. ಇಲ್ಲ, ಹವಿಸ್ಸನ್ನು ನೋಡಿಯೂ ಇಲ್ಲ, ನೆಕ್ಕಿಯೂ ಇಲ್ಲ ಎನ್ನುತ್ತದೆ ಮರಿ. ಆಗ ಅವಳು ಯಾಗಶಾಲೆಗೆ ಬಂದು ನೇರವಾಗಿ ಕೇಳುತ್ತಾಳೆ, ಯಾಕೆ ಹೊಡೆದಿರಿ ಎಂದು. ಅವರಲ್ಲಿ ಉತ್ತರ ಇರುವುದಿಲ್ಲ. ತಪ್ಪಿಲ್ಲದವನಿಗೆ ಹೊಡೆದದ್ದರಿಂದ ನಿಮಗೆ ಕಾಣದ ಕಡೆಯಿಂದ ಭಯ ಬರಲಿ ಎಂದು ಶಪಿಸಿ ಹೋಗುತ್ತಾಳೆ. ರಾಜ ಹೆದರಿ, ಶಾಪ ಕಳೆಯಬಲ್ಲ ಪುರೋಹಿತನನ್ನು ಹುಡುಕಿಕೊಂಡು ಹೊರಡುತ್ತಾನೆ. ಇಂಥ ಪ್ರಸಂಗ ತಾಳಮದ್ದಲೆಗೆ ಸಿಕ್ಕಿದರೆ ನಮ್ಮ ಅರ್ಥಧಾರಿಗಳು ಸರಮೆಯ ಒಂದು ಪ್ರಶ್ನೆಯನ್ನೇ ಅರ್ಧ ರಾತ್ರಿ ಎಳೆದಾರು. ಎಳೆಯಬೇಕಾದ ಪ್ರಶ್ನೆಯೇ.

ಇನ್ನು ಆ ಮೋರೆಯ ವಿಷಯ. ತಲೆ ತಗ್ಗಿಸಿ, ಕಿವಿ ಹಿಂದೆ ಮಾಡಿ, ಬಾಲ ಕಾಲಿನ ನಡುವೆ ಹಾಕಿ ಕಳ್ಳನ ಹಾಗೆ ನೋಡುತ್ತದಲ್ಲ, ಅದನ್ನು ಕಂಡೇ ಅಲ್ಲವೇ ನಾವು "ಗೊತ್ತಿದ್ದೇ ಮಾಡಿದ್ದು" ಎನ್ನುವುದು? ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬವರು 2009ರಲ್ಲಿ ಇದರ ಮೇಲೆ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. 14 ಸಾಕುನಾಯಿಗಳು. ಯಜಮಾನ ತಿಂಡಿ ಇಟ್ಟು, ಮುಟ್ಟಬೇಡ ಎಂದು ಹೇಳಿ ಕೋಣೆಯಿಂದ ಹೊರಗೆ ಹೋಗುವುದು. ಅಷ್ಟರಲ್ಲಿ ಕೆಲವು ಸಲ ನಾಯಿ ತಿಂಡಿ ತಿಂದಿರುತ್ತಿತ್ತು, ಕೆಲವು ಸಲ ಇಲ್ಲ. ಹಿಂದೆ ಬಂದ ಯಜಮಾನನಿಗೆ ಹೇಳುವುದು ಮಾತ್ರ ಯಾವಾಗಲೂ ನಿಜ ಆಗಿರಲಿಲ್ಲ. ತಿಂದಿದೆ ಎಂದು ಹೇಳಿದರೆ ಅವನು ಬಯ್ಯುತ್ತಿದ್ದ. ಕೊನೆಗೆ ಕಂಡದ್ದು ಏನೆಂದರೆ ಆ ಕಳ್ಳ ಮೋರೆಗೂ ತಿಂದದ್ದಕ್ಕೂ ಸಂಬಂಧ ಇಲ್ಲ, ಬೈಗುಳಕ್ಕೇ ಸಂಬಂಧ. ತಿನ್ನದೆ ಸುಮ್ಮನಿದ್ದು ಬೈಗುಳ ಕೇಳಿದ ನಾಯಿಗಳಲ್ಲಿ ಅದು ಇನ್ನೂ ಎದ್ದು ಕಾಣುತ್ತಿತ್ತಂತೆ. ಅಂದರೆ ನಾವು ತಪ್ಪೊಪ್ಪಿಗೆ ಎಂದು ಓದುವುದು ನಿಜವಾಗಿ ಹೆದರಿಕೆ. "ಹೊಡೆಯಬೇಡ" ಎಂದು ಅದು ತನ್ನ ಮೈಯಲ್ಲಿ ಹೇಳುವುದು.

ಬೆಳಿಗ್ಗೆ ಹರಿದ ಚಪ್ಪಲಿ ಹತ್ತು ಗಂಟೆಗೆ ಕಣ್ಣಿಗೆ ಬಿದ್ದು, ನಾಯಿಯನ್ನು ಎಳೆದು ತಂದು ಚಪ್ಪಲಿಯನ್ನು ಮೂಗಿಗೆ ಒತ್ತಿ ಹೊಡೆದರೆ ಅದಕ್ಕೆ ಸಿಗುವ ಪಾಠ ಏನು? ಚಪ್ಪಲಿ ಕಚ್ಚಬಾರದು ಎಂದಲ್ಲ. ಮಾಡಿದ ಕೆಲಸಕ್ಕೂ ಅದರ ಫಲಕ್ಕೂ ನಡುವೆ ಒಂದೆರಡು ಕ್ಷಣಕ್ಕಿಂತ ಹೆಚ್ಚು ಅಂತರ ಬಿದ್ದರೆ ನಾಯಿ ಅವೆರಡನ್ನು ಜೋಡಿಸಲಾರದು. ಅದು ಕಲಿಯುವುದು ಇಷ್ಟೆ: ಈ ಹೆಂಗಸಿನ ಕೈಯಲ್ಲಿ ಚಪ್ಪಲಿ ಇರುವಾಗ ಹತ್ತಿರ ಹೋಗಬಾರದು. ಇದಕ್ಕಿಂತ ಕೆಟ್ಟದ್ದು ಕರೆದು ಹೊಡೆಯುವುದು. "ಬಾ ಮಗಾ, ಬಾ" ಎಂದು ಅನ್ನದ ಸ್ವರದಲ್ಲಿ ಕರೆದು, ಹತ್ತಿರ ಬಂದಾಗ ಕೊರಳಪಟ್ಟಿ ಹಿಡಿದು ಬಡಿಗೆ ತೆಗೆಯುವುದು ಎಷ್ಟು ಮನೆಗಳಲ್ಲಿ ಇಲ್ಲ! ಆಮೇಲೆ ಅದೇ ಮನೆಯವರು "ಕರೆದರೆ ಬರುವುದಿಲ್ಲ ಮಾರಾಯ್ರೆ, ಕಿವಿ ಕೇಳುವುದಿಲ್ಲವೋ ಏನೋ" ಎಂದು ದೂರುತ್ತಾರೆ. ಕಿವಿ ಚೆನ್ನಾಗಿ ಕೇಳುತ್ತದೆ, ಆದ ಕಾರಣವೇ ಬರುವುದಿಲ್ಲ. ಮನುಷ್ಯರಲ್ಲಿ ಇದಕ್ಕೆ ವಿಶ್ವಾಸದ್ರೋಹ ಎನ್ನುತ್ತಾರೆ. ನಾಯಿಗೆ ಮಾಡಿದರೆ ಹೆಸರು ಬದಲಾಗಬೇಕೆಂದು ನನಗೆ ಅನಿಸುವುದಿಲ್ಲ.

ಗುರುಗುಟ್ಟುವುದಕ್ಕೂ ಹೀಗೆಯೇ. ನಾಯಿ ಗುರ್ ಎಂದರೆ ಯಜಮಾನನಿಗೆ ಅವಮಾನ. "ನನಗೇ ಗುರ್ ಎನ್ನುತ್ತೀಯಾ" ಎಂದು ಒಂದು ಏಟು. ನಾಲ್ಕು ಸಲ ಹೀಗಾದರೆ ಗುರುಗುಟ್ಟುವುದು ನಿಲ್ಲುತ್ತದೆ, ಖಂಡಿತ. ಹೆದರಿಕೆ ನಿಲ್ಲುವುದಿಲ್ಲ. ಮೊದಲೆಲ್ಲ "ಸಾಕು, ದೂರ ಹೋಗು" ಎಂದು ಹೇಳಿ ಆಮೇಲೆ ಕಚ್ಚುತ್ತಿದ್ದ ನಾಯಿ, ಇನ್ನು ಹೇಳದೆ ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಡುವುದು ನಿಲ್ಲಿಸಿದರೆ ಒಳ್ಳೆಯದು. ಅದರ ಬದಲು ನಾಯಿಯ ಮೈಯನ್ನು ಓದಲು ಹೇಳಿಕೊಡಬಹುದು. ಮುಖ ಆಚೆ ತಿರುಗಿಸುವುದು, ನಿದ್ದೆ ಇಲ್ಲದ ಹೊತ್ತಿನಲ್ಲಿ ಆಕಳಿಸುವುದು, ತಿಂಡಿ ಎದುರಿಗಿಲ್ಲದೆ ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣಿಸುವುದು, ಮೈ ಕೋಲಿನ ಹಾಗೆ ಸೆಟೆಯುವುದು. ಬಾಲ ಆಡಿಸಿದ ಕೂಡಲೇ ಸ್ನೇಹ ಎಂದು ತಿಳಿಯಬಾರದು, ಸೆಟೆದ ಬಾಲವೂ ಆಡುತ್ತದೆ. ಅನ್ನ ತಿನ್ನುವಾಗ, ಮಲಗಿರುವಾಗ, ಮರಿಗಳ ಜೊತೆ ಇರುವಾಗ ಹತ್ತಿರ ಹೋಗಬಾರದು. ಅಟ್ಟಿಸಿ ಬಂದರೆ ಓಡದೆ, ಅದರ ಕಣ್ಣು ನೋಡದೆ, ಕೈ ಕೆಳಗೆ ಬಿಟ್ಟು ಮರದ ಹಾಗೆ ನಿಲ್ಲುವುದು. ಮಕ್ಕಳು ಇದನ್ನು ಆಟದ ಹಾಗೆ ಬೇಗ ಕಲಿಯುತ್ತಾರೆ, ದೊಡ್ಡವರಿಗೇ ಕಷ್ಟ.

ನಮ್ಮ ಕಡೆ ಕುನ್ನಿ ತರುವ ಕ್ರಮವನ್ನು ಸ್ವಲ್ಪ ನೋಡಿ. ಕಣ್ಣು ಬಿಟ್ಟು ಹಾಲು ನೆಕ್ಕಲು ಶುರು ಮಾಡಿದರೆ ಸಾಕು, ಒಂದು ತಿಂಗಳಿಗೇ ತಾಯಿಯ ಹತ್ತಿರದಿಂದ ಎತ್ತಿಕೊಂಡು ಬರುತ್ತೇವೆ. ಎಂಟು ವಾರವಾದರೂ ತಾಯಿ, ಒಡಹುಟ್ಟುಗಳ ಜೊತೆ ಇರಬೇಕು. ಎಷ್ಟು ಗಟ್ಟಿ ಕಚ್ಚಿದರೆ ಇನ್ನೊಂದಕ್ಕೆ ನೋವಾಗುತ್ತದೆ ಎಂಬ ಲೆಕ್ಕ ಅಲ್ಲಿ ಅವು ಉರುಳಾಡಿಕೊಂಡೇ ಕಲಿಯುವಂಥದ್ದು, ನಮ್ಮಿಂದ ಕಲಿಸಲು ಆಗದು. ತಂದ ಮೇಲೆ ಹಟ್ಟಿಯ ಕಂಬಕ್ಕೆ ಕಟ್ಟುತ್ತೇವೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಅನೇಕ ವರ್ಷ ನಾಯಿಮರಿಗಳನ್ನು ಸಾಕಿ ನೋಡಿ 1965ರಲ್ಲಿ ಒಂದು ದೊಡ್ಡ ಪುಸ್ತಕ ಬರೆದರು. ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿ ಏನನ್ನು ಕಂಡು ಪರಿಚಯ ಮಾಡಿಕೊಳ್ಳುತ್ತದೋ ಅದು ಅದಕ್ಕೆ ಲೋಕ. ಆ ಬಾಗಿಲು ಮುಚ್ಚಿದ ಮೇಲೆ ಹೊಸತೆಲ್ಲ ಸಂಶಯದ್ದು. ಇದನ್ನು ಓದಿದಾಗ ನನಗೆ ಕೂಡಲೇ ಹೊಳೆದದ್ದು ಕೊಡೆ. ನಮ್ಮಲ್ಲಿ ಹೆಚ್ಚಿನ ಕುನ್ನಿಗಳು ಹುಟ್ಟುವುದು ತುಲಾ ಮಾಸದಿಂದ ಈಚೆಗೆ, ಮಳೆ ಮುಗಿದ ಮೇಲೆ. ಅವು ಕೊಡೆ ಕಾಣದೆ ದೊಡ್ಡವಾಗುತ್ತವೆ. ಜೂನಿನಲ್ಲಿ ಮಳೆಯೂ ಶಾಲೆಯೂ ಒಟ್ಟಿಗೆ ಶುರು. ಏಳೆಂಟು ತಿಂಗಳ ಹುಮ್ಮಸ್ಸಿನ ನಾಯಿಯ ಎದುರಿಗೆ ಒಮ್ಮೆಲೇ ತಲೆಯಿಲ್ಲದ, ಕಪ್ಪು ರೆಕ್ಕೆಯ, ಟಪ್ ಎಂದು ಅರಳುವ ಒಂದು ಪ್ರಾಣಿ ಗೇಟಿನ ಹತ್ತಿರ ಬರುತ್ತದೆ. ಬೊಗಳದೆ ಎಂತ ಮಾಡುವುದು? ಕುನ್ನಿ ಇರುವಾಗಲೇ ಕೊಡೆ, ರೈನ್‌ಕೋಟು, ಹೆಲ್ಮೆಟ್ಟು, ಬೈಕಿನ ಶಬ್ದ, ಗಡ್ಡದವರು, ಬುರ್ಖಾದವರು, ಚಡ್ಡಿಯ ಮಕ್ಕಳು ಎಲ್ಲವನ್ನೂ ತೋರಿಸಿಬಿಡಬೇಕು. ಜೊತೆಗೆ ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಮತ್ತೆ ವರ್ಷ ವರ್ಷವೂ. ಇದರಲ್ಲಿ ಚರ್ಚೆಗೆ ಜಾಗ ಇಲ್ಲ.

ನಮ್ಮ ಊರಿನ ಇನ್ನೊಂದು ತಮಾಷೆ ಭಾಷೆಯದ್ದು. ಒಂದೇ ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ "ಬಾ" ಎನ್ನುವುದು, ಕೆಲಸದವರು ತುಳುವಿನಲ್ಲಿ "ಬಲ", ಶಾಲೆಗೆ ಹೋಗುವ ಮಕ್ಕಳು ಮಲಯಾಳದಲ್ಲಿ "ವಾ". ಕೂತುಕೊಳ್ಳಲು ಒಬ್ಬರು "ಕೂತ್ಕೋ", ಒಬ್ಬರು "ಕುಲ್ಲು", ಒಬ್ಬರು "ಇರಿ". ಸಪ್ತಭಾಷೆಯ ನಾಡಿನಲ್ಲಿ ನಾವು ಮನುಷ್ಯರು ಹೇಗೋ ನಿಭಾಯಿಸುತ್ತೇವೆ, ನಾಯಿಗೆ ಕಷ್ಟ. ಯಾವ ಭಾಷೆಯಾದರೂ ಆದೀತು, ಮನೆಯವರೆಲ್ಲ ಒಂದೇ ಶಬ್ದ ಹಿಡಿಯಬೇಕು. ಶಬ್ದಕ್ಕಿಂತ ಮುಖ್ಯ ನಿಯಮ. ಅಪ್ಪ ಜಗಲಿಗೆ ಹತ್ತಬಾರದು ಎನ್ನುವುದು, ಮಗಳು ಕದ್ದು ಹತ್ತಿಸಿಕೊಳ್ಳುವುದು, ಆಮೇಲೆ ಅಪ್ಪ ಬಂದು ನಾಯಿಗೆ ಹೊಡೆಯುವುದು. ನ್ಯಾಯಾಧೀಶರು ಇಬ್ಬರು, ಕಾನೂನು ಎರಡು, ಶಿಕ್ಷೆ ಒಬ್ಬನಿಗೆ.

ನಮ್ಮ ಹಳೆಯ ಸಹೋದ್ಯೋಗಿ ಮಾಸ್ಟ್ರೊಬ್ಬರು ನನ್ನ ಕ್ರಮ ನೋಡಿ ನಕ್ಕರು. ಕರೆದಾಗ ಬಂದರೆ ಬೊಳ್ಳುವಿಗೆ ಒಂದು ತುಂಡು ದೋಸೆ, ಹಾರದೆ ನಾಲ್ಕು ಕಾಲಲ್ಲಿ ನಿಂತರೆ ತಲೆ ಸವರುವುದು, ಹಾರಿದರೆ ಬೆನ್ನು ತಿರುಗಿಸಿ ನಿಲ್ಲುವುದು, ಇದು ನನ್ನ ಕ್ರಮ. "ಇದು ಲಂಚ ಅಲ್ವಾ ಟೀಚರೇ? ತಿಂಡಿಗಾಗಿ ಮಾಡುವ ಕೆಲಸದಲ್ಲಿ ಗುಣ ಎಲ್ಲಿ ಬಂತು?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ, ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನನಗೆ ತೋರುವುದು ಹೀಗೆ. ಮಾಡಬಾರದ್ದನ್ನು ಮಾಡಿಸಲು ಗುಟ್ಟಿನಲ್ಲಿ ಕೊಡುವುದು ಲಂಚ. ಮಾಡಿದ ಕೆಲಸಕ್ಕೆ ಎದುರಿಗೇ ಕೊಡುವುದು ಕೂಲಿ. ಅಡಿಕೆ ಕೊಯ್ಯಲು ಮರ ಹತ್ತುವವರಿಗೆ ನಾವು ಗುಣಕ್ಕಾಗಿ ಹತ್ತಿ ಎಂದು ಹೇಳುವುದಿಲ್ಲವಲ್ಲ. ಇನ್ನು ಬೆತ್ತದ ಹೆದರಿಕೆಯಿಂದ ಮಾಡಿದ ಕೆಲಸದಲ್ಲಿ ಗುಣ ಉಂಟೇ? ಅದರಲ್ಲೂ ಇಲ್ಲ. ಎರಡರಲ್ಲೂ ಗುಣದ ಮಾತಿಲ್ಲ ಎಂದಮೇಲೆ, ನೋವಿಲ್ಲದ ದಾರಿ ಕೈಯಲ್ಲಿ ಇರುವಾಗ ನೋವಿನ ದಾರಿ ಹಿಡಿಯುವವರೇ ಕಾರಣ ಕೊಡಬೇಕು. ಮಾಸ್ಟ್ರು ಒಪ್ಪಲಿಲ್ಲ. "ಹೊಡೆದರೂ ಕಲಿಯುತ್ತದಲ್ಲ" ಎಂದರು. ಕಲಿಯುತ್ತದೆ, ಸುಳ್ಳು ಹೇಳುವುದು ಯಾಕೆ? ಬಡಿಗೆ ಎದುರಿಗೆ ಇರುವಷ್ಟು ಹೊತ್ತು ಕಲಿತಿರುತ್ತದೆ. ಹಾಗೆಯೇ ದೋಸೆಯಿಂದ ಎಲ್ಲ ಆಗುತ್ತದೆ ಎಂದೂ ನಾನು ಹೇಳಲಾರೆ. ತೋಟದಲ್ಲಿ ಹಂದಿಯ ವಾಸನೆ ಬಂದಾಗ ನನ್ನ ದೋಸೆಗೆ ಮೂರು ಕಾಸಿನ ಬೆಲೆ ಇಲ್ಲ.

ತಿಂಡಿಯೊಂದೇ ಅಲ್ಲ ಎನ್ನುವುದಕ್ಕೆ ಒಂದು ಮಾತು. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಮತ್ತು ಅವರ ಬಳಗದವರು ಬೀದಿನಾಯಿಗಳ ನಡವಳಿಕೆಯನ್ನೇ ಅಭ್ಯಾಸ ಮಾಡುತ್ತಾರೆ. ಗುರುತಿಲ್ಲದ ಮನುಷ್ಯನ ಮೇಲೆ ಬೀದಿನಾಯಿಗೆ ನಂಬಿಕೆ ಹುಟ್ಟುವುದು ತಿಂಡಿ ಹಾಕುವುದಕ್ಕಿಂತ ಹೆಚ್ಚಾಗಿ ಮತ್ತೆ ಮತ್ತೆ ತಲೆ ಸವರುವುದರಿಂದ ಎಂದು ಅವರು 2017ರಲ್ಲಿ ತೋರಿಸಿದರು. ಯಾರೂ ಕಲಿಸದ ಬೀದಿನಾಯಿ ಮನುಷ್ಯ ಬೆರಳು ತೋರಿಸಿದ ಕಡೆ ಹೋಗಿ ನೋಡುತ್ತದೆ ಎಂಬುದನ್ನೂ ಅವರೇ ಕಂಡುಕೊಂಡದ್ದು. ನಾವು "ಹಚ್ಚಾ" ಎಂದು ಕಲ್ಲು ಎತ್ತುವ ಪ್ರಾಣಿ ನಮ್ಮ ಬೆರಳಿನ ಅರ್ಥ ತಿಳಿಯಲು ಅಷ್ಟು ಶ್ರಮ ಪಡುತ್ತದೆ.

ಇಷ್ಟೆಲ್ಲ ಹೇಳಿದ್ದರಿಂದ ನಾಯಿಯನ್ನು ಅದರಷ್ಟಕ್ಕೆ ಬಿಟ್ಟುಬಿಡಿ ಎಂದು ಅರ್ಥ ಮಾಡಬಾರದು. ಏನೂ ಕಲಿಸದೆ ಮುದ್ದು ಮಾಡಿ ಬೆಳೆಸಿದ ನಾಯಿಯ ಗತಿ ಕೊನೆಗೆ ಸಂಕೋಲೆಯೇ. ಕುನ್ನಿ ಇರುವಾಗ ಹಾರಿದ್ದು ಚಂದ, ಇಪ್ಪತ್ತು ಕಿಲೋ ಆದಮೇಲೆ ಅದೇ ಹಾರಾಟಕ್ಕೆ ಚೈನು. ಕರೆದರೆ ಬರುವ ನಾಯಿಯನ್ನು ತೋಟಕ್ಕೆ ಬಿಡಬಹುದು, ಬಾರದ್ದನ್ನು ಬಿಡಲಿಕ್ಕಾಗುವುದಿಲ್ಲ. ಹಾಗಾಗಿ ಕಲಿಸುವುದೆಂದರೆ ನಾಯಿಯ ಸ್ವಾತಂತ್ರ್ಯ ಕಸಿಯುವುದು ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಕಲಿಸದೆ ಇರುವವರೇ ಅದನ್ನು ಕಸಿಯುವವರು. ಹಗಲು ರಾತ್ರಿ ಎರಡು ಮಾರು ಚೈನಿನಲ್ಲಿ ಇರುವ ನಾಯಿ ಕಾವಲಿಗೆ ಒಳ್ಳೆಯದು ಎಂಬ ನಂಬಿಕೆ ಇನ್ನೂ ಉಂಟು. ಅದು ಕಾಯುವುದು ಏನನ್ನೂ ಅಲ್ಲ, ಎಲೆ ಬಿದ್ದರೂ ಬೊಗಳುತ್ತದೆ. ಕಟ್ಟಿಯೇ ಇಟ್ಟ ನಾಯಿಗೆ ಬೇಕಾದಷ್ಟು ಓಡಾಟ ಕೊಡದ ಯಜಮಾನ ಅಪರಾಧಿ ಎಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಹೇಳುತ್ತದೆ. ಹೆಣ್ಣು ಕುನ್ನಿಗಳನ್ನು ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬರುವುದೂ ಅದೇ ಕಲಮಿನಲ್ಲಿ ಬರುತ್ತದೆ. ಬಿಟ್ಟು ಬಂದವರೇ ಆಮೇಲೆ ವಾಚನಾಲಯದಲ್ಲಿ ಬೀದಿನಾಯಿಯ ಉಪದ್ರವದ ಬಗ್ಗೆ ದೊಡ್ಡ ಸ್ವರದಲ್ಲಿ ಮಾತಾಡುವುದನ್ನು ನಾನು ಕೇಳಿದ್ದೇನೆ.

ಎರಡು ಮಳೆಗಾಲದ ಹಿಂದೆ ನಮ್ಮ ಓಣಿಯಲ್ಲಿ ಇಂಥ ಒಂದು ಕಟ್ಟಿದ ನಾಯಿಯ ಕೊಕ್ಕೆ ತುಂಡಾಯಿತು. ಹಾಲಿನ ಸೊಸೈಟಿಗೆ ಕ್ಯಾನು ಹಿಡಿದುಕೊಂಡು ಕೊಡೆಯಲ್ಲಿ ಹೋಗುತ್ತಿದ್ದ ಮೂರನೇ ಕ್ಲಾಸಿನ ಹುಡುಗಿಯ ಮೀನಖಂಡಕ್ಕೆ ಕಚ್ಚಿತು. ನಳ್ಳಿಯ ಕೆಳಗೆ ಸಾಬೂನು ಹಾಕಿ ಹದಿನೈದು ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಾಯಕ್ಕೆ ಮದ್ದು, ಆಮೇಲೆ ವೈದ್ಯರು ಹೇಳಿದ ದಿನಗಳಲ್ಲಿ ಚುಚ್ಚುಮದ್ದು, ಒಂದೂ ತಪ್ಪಿಸಲಿಲ್ಲ. ನಾಯಿಯನ್ನು ಹತ್ತು ದಿನ ಕಟ್ಟಿ ಗಮನಿಸಬೇಕು ಎಂದರು. ಆ ಹತ್ತು ದಿನ ಊರಲ್ಲಿ ಮಾತೋ ಮಾತು. "ಮುಗಿಸಿಬಿಡುವ" ಎಂದು ಕೆಲವರು. ನಾಯಿಯ ಮನೆಯ ಅಣ್ಣ ನನ್ನ ಹತ್ತಿರ "ನಾಯಿ ಅಲ್ವಾ ಟೀಚರೇ, ಅದಕ್ಕೆಂತ ಗೊತ್ತುಂಟು, ಅದರದ್ದೇನು ತಪ್ಪು" ಎಂದರು.

ಇದೇ ಮಾತನ್ನು ಅಲ್ಲವೇ ನಾನು ಇಷ್ಟು ಹೊತ್ತು ಹೇಳಿದ್ದು? ಆದರೂ ಅವರ ಬಾಯಲ್ಲಿ ಅದು ನನಗೆ ಸರಿ ಕಾಣಲಿಲ್ಲ. ನಾಯಿಯದು ತಪ್ಪಲ್ಲ ಎಂದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ನಾಯಿಗೆ ಗೊತ್ತಿಲ್ಲ ಎಂದಾದರೆ ಗೊತ್ತಿರುವವರು ಯಾರು? ಕಟ್ಟಿದವರು, ಕೊಡೆ ತೋರಿಸದವರು, ಸವೆದ ಕೊಕ್ಕೆಯನ್ನು ದಿನಾ ನೋಡಿದವರು. ಮತ್ತೆ ಆ ಹುಡುಗಿಗೆ ಇದರಿಂದ ಏನಾಗಬೇಕು? ಓಣಿಯಲ್ಲಿ ನಡೆಯುವ ಹಕ್ಕು ಅವಳದ್ದು. ನಾಯಿ ನಿರಪರಾಧಿ ಎಂಬ ಕಾರಣಕ್ಕೆ ಅವಳ ಕಾಲಿನ ನೋವು ಕಡಿಮೆ ಆಗುವುದಿಲ್ಲ, ಅಪಾಯವೂ ಕಡಿಮೆ ಆಗುವುದಿಲ್ಲ. ನನಗೆ ನಾಯಿ ಮೇಲೆ ಎಷ್ಟೇ ಪ್ರೀತಿ ಇರಲಿ, ನಾಯಿ ಮತ್ತು ಮಗು ಎಂಬ ಎರಡರಲ್ಲಿ ಒಂದು ಎಂದು ನಿಜವಾಗಿ ಬಂದರೆ ಮಗುವೇ ಮೊದಲು. ಆದರೆ ಅಲ್ಲಿ ಹಾಗೆ ಬಂದಿರಲಿಲ್ಲ. ಬಂದದ್ದು ನಾಯಿಯ ಜೀವ ಮತ್ತು ಯಜಮಾನನ ದಿನಕ್ಕೆ ಒಂದು ಗಂಟೆ, ಇವೆರಡರಲ್ಲಿ ಒಂದು. ಅವರಿಗೆ ಇದನ್ನು ಹೀಗೆಯೇ ಹೇಳಿದೆ. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ.

ಹತ್ತು ದಿನ ಕಳೆದು ನಾಯಿ ಆರೋಗ್ಯವಾಗಿಯೇ ಇತ್ತು. ಅಂಗಳಕ್ಕೆ ಬೇಲಿ, ಗೇಟು ಆಯಿತು. ಎತ್ತಿನ ಬಾಯಿಗೆ ಹಾಕುವ ಕುಕ್ಕೆಯ ಹಾಗಿನದ್ದು ನಾಯಿಗೂ ಸಿಗುತ್ತದೆ, ಅದನ್ನು ಹಾಕಿ ಆ ಮನೆಯ ಮಗ ಬೆಳಿಗ್ಗೆ ಸಂಜೆ ಸುತ್ತಾಡಿಸುತ್ತಾನೆ. ಕೊಡೆಯ ಪಾಠ ನಾನು ಹೇಳಿದ ಹಾಗೆ ಮಾಡಿದರು. ಮೊದಲು ಮಡಚಿದ ಕೊಡೆ ಅಂಗಳದ ಮೂಲೆಯಲ್ಲಿ ಸುಮ್ಮನೆ ಬಿದ್ದಿರುವುದು, ಅದರ ಹತ್ತಿರ ಅನ್ನದ ತಟ್ಟೆ. ವಾರ ಕಳೆದು ಬಿಡಿಸಿಟ್ಟ ಕೊಡೆ, ದೂರದಲ್ಲಿ. ಆಮೇಲೆ ಅದನ್ನು ಹಿಡಿದ ಮನೆಯವರು, ನಿಂತಲ್ಲೇ. ನಾಯಿ ಬೊಗಳಿತೋ, ಅಂದಿಗೆ ಎರಡು ಹೆಜ್ಜೆ ಹಿಂದೆ ಹೋಗುವುದು, ಬಯ್ಯುವುದಿಲ್ಲ. ನಾಲ್ಕು ತಿಂಗಳು ಬೇಕಾಯಿತು. ಈಗ ನಿಂತ ಕೊಡೆಗೆ ಅದು ತಲೆ ಎತ್ತುವುದೂ ಇಲ್ಲ. ನಡೆಯುವ ಕೊಡೆಗೆ ಇನ್ನೂ ಕಿವಿ ನೆಟ್ಟಗಾಗುತ್ತದೆ.

ಹುಡುಗಿ ಈಗ ಐದನೇ ಕ್ಲಾಸು. ಶಾಲೆಗೆ ಗದ್ದೆಯ ಹುಣಿಯ ಮೇಲೆ ಸುತ್ತುಹಾಕಿ ಹೋಗುತ್ತಾಳೆ, ಹತ್ತು ನಿಮಿಷ ಹೆಚ್ಚು. "ಇನ್ನು ಓಣಿಯಲ್ಲೇ ಬರಬಹುದು ಅಂತ ನೀವೊಂದು ಮಾತು ಹೇಳಿ ಟೀಚರೇ, ನೀವು ಹೇಳಿದರೆ ಕೇಳುತ್ತಾಳೆ" ಎಂದು ನಾಯಿಯ ಮನೆಯ ಅಣ್ಣ ಕಳೆದ ತಿಂಗಳು ಕೇಳಿದರು. ಅದು ನಾನು ಹೇಳುವ ಮಾತಲ್ಲ, ಅವಳಿಗೇ ತೋರಬೇಕು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಹೌದು ಎಂದು ತಲೆ ಅಲ್ಲಾಡಿಸಿದರು. ಆ ಮನೆಯ ಹಾಲಿನ ಕ್ಯಾನನ್ನು ಅಂದಿನಿಂದ ಸೊಸೈಟಿಗೆ ಮುಟ್ಟಿಸುವುದು ಅವರೇ, ತಮ್ಮ ಕ್ಯಾನಿನ ಜೊತೆ.